ಮದ್ದು ಕಾಗದದ ಕೊನೆಯಲ್ಲಿದೆ

ಗೋಗಿ,
ಶ್ರಾವಣ ಸೋಮವಾರ, ೧೯೪೮

ದೋರನಹಳ್ಳಿಯ ಬಸವಂತ್ರಾಯ ಅವರಿಗೆ ಹೆಂಡತಿ ಮಲ್ಲಿಕಮ್ಮ ತವರಿನಿಂದ ಬರೆಯುವುದು.

ಗಂಡನ ಹೆಸರು ಹಿಡಿದು ಬರೆದಿದ್ದೇನೆ. ಸಿಟ್ಟಾಗಬೇಡಿ, ಉಸಿರು ಕಟ್ಟೀತು. ಅಪ್ಪ ಕಲಿಸಿದ ನಾಲ್ಕಕ್ಷರ ಇವತ್ತು ಕೆಲಸಕ್ಕೆ ಬಂತು.

ನಿಮ್ಮ ಆಳು ಖಂಡಪ್ಪ ಮೊನ್ನೆ ಬಂದು ನೀವು ಹೇಳಿ ಕಳಿಸಿದ್ದನ್ನು ತಿಳಿಸಿದ. ಊರು ಲೂಟಿಗೆ ರಜಾಕಾರರು ಬಂದರೆಂದು ಗುಲ್ಲೆದ್ದ ದಿನ ನೀವು ನಿಮ್ಮ ಮನೆಯ ಹಗೇವಿನಲ್ಲಿ, ಜೋಳ ತುಂಬಿಡುವ ಆ ನೆಲಗುಂಡಿಯಲ್ಲಿ ಅಡಗಿದಿರಂತೆ. ಮೇಲೆ ಚಪ್ಪಡಿ ಎಳೆದರಂತೆ. ರಜಾಕಾರರು ಬರಲೇ ಇಲ್ಲವಂತೆ. ಆದರೆ ಅಂದಿನಿಂದ ಕೂತಲ್ಲಿ ನಿಂತಲ್ಲಿ ಎದೆ ಹಿಡಿದು, ಬೆರಳು ಜೋಮುಗಟ್ಟಿ, ಸತ್ತೇ ಹೋದೆ ಅನ್ನಿಸುತ್ತದಂತೆ. "ಅಕಿಗೂ ಹಿಂಗ ಆಗ್ತಿತ್ತು, ಈಗ ಆರಾಮ ಅದಾಳಂತ. ಏನ ಮಾಡಿದಳು ಕೇಳ್ಕೊಂಡ ಬಾ" ಅಂದಿರಂತೆ. ಸುಳ್ಳು ಯಾಕೆ ಹೇಳಲಿ, ಅಂದು ಖುಷಿಗೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮದ್ದು ಹೇಳುತ್ತೇನೆ. ಕಾಗದದ ಕೊನೆಯಲ್ಲಿದೆ, ಅಲ್ಲಿಯವರೆಗೆ ಕೇಳಬೇಕು.

ಮೂರು ವರ್ಷದ ಹಿಂದೆ ಜೋಳ ತೆಗೆಯಲು ಅದೇ ಹಗೇವಿಗೆ ನನ್ನನ್ನು ಇಳಿಸಿದಿರಿ. ಪದ್ಧತಿಯಂತೆ ಮೊದಲು ಹಗ್ಗ ಕಟ್ಟಿ ಕಂದೀಲು ಬಿಟ್ಟಿರಿ. ಅದು ಆರಲಿಲ್ಲ, ಒಳಗೆ ಗಾಳಿ ಚೆನ್ನಾಗಿತ್ತು. ಬೆಳಿಗ್ಗೆ ನಾನು ನಿಮ್ಮ ತಾಯಿ ಪಾರ್ವತೆಮ್ಮನವರಿಗೆ ಎದುರು ಮಾತಾಡಿದ್ದೆ. ಅದಕ್ಕೆ ನೀವು "ಈಗ ಬಾಯಿ ಮಾಡು, ನೋಡೂನು" ಅಂದು ಚಪ್ಪಡಿ ಎಳೆದಿರಿ. ಕೂಗಿದೆ, ಅಳತೊಡಗಿದೆ. ಮೇಲೆ ನೀವು ನಗುತ್ತಿದ್ದಿರಿ. ತೆಗೆದಾಗ ನಾನು ಬಾಯಿ ಬಿಟ್ಟು ಗಾಳಿ ಎಳೆಯುತ್ತಿದ್ದೆ. ಆಮೇಲೂ ಆಗಾಗ ಹಾಗೇ ಆಗತೊಡಗಿತು. ನೀವು ಊರಿಗೆಲ್ಲ ಹೇಳಿದ್ದೇನು? "ಗುಂಡ್ಯಾಗಿನ ದೆವ್ವ ಬಡದಾದ." ದೆವ್ವ ಬಿಡಿಸಲೆಂದು ಬೇವಿನ ಕಡ್ಡಿಯ ಬರಲಿನಿಂದ ಹೊಡೆಸಿ ತವರಿಗೆ ಅಟ್ಟಿದಿರಿ. ಇವತ್ತಿಗೂ ಶಹಾಪುರದ ಸಂತೆಯಲ್ಲಿ ನಿಮ್ಮೂರ ಹೆಂಗಸರು ನನ್ನನ್ನು ಕಂಡರೆ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ನಾನು ನಿಮ್ಮನ್ನು ಕ್ಷಮಿಸಿಲ್ಲ.

ನಿಮಗೆ ಮಾತ್ರ ಬೇವಿನ ಬರಲು ಯಾರೂ ತರಲಿಲ್ಲವಂತೆ. "ಅಂವಗ ಅಂಜಿಕಿ ಆಗ್ಯಾದ" ಅಂದರಂತೆ ನಿಮ್ಮ ತಾಯಿ. ನನಗಾದರೆ ದೆವ್ವ, ನಿಮಗಾದರೆ ಅಂಜಿಕೆ!

ಈಗ ಮದ್ದು. ಅಣ್ಣನ ಮನೆಯಲ್ಲಿ ಒಮ್ಮೆ ಒಲೆ ಊದುವಾಗಲೇ ಎದೆ ಹಿಡಿಯಿತು. ಒಲೆ ಆರಿದರೆ ಅತ್ತಿಗೆ ಬೈಯುತ್ತಾಳೆಂದು ಊದುಗೊಳವೆ ಬಿಡದೆ ಮೆಲ್ಲಗೆ ಊದುತ್ತಲೇ ಇದ್ದೆ. ಒಲೆಯೂ ಹತ್ತಿತು, ಎದೆಯೂ ಸಡಿಲಾಯಿತು. ಆಗ ತಿಳಿಯಿತು, ನಮಗೆ ಗಾಳಿ ಕಡಿಮೆಯಾಗಿರುವುದಿಲ್ಲ. ಭಯಕ್ಕೆ ಎಳೆದುಕೊಳ್ಳುತ್ತಲೇ ಇರುತ್ತೇವೆ, ಬಿಡುವುದನ್ನು ಮರೆಯುತ್ತೇವೆ. ಕೂತುಕೊಳ್ಳಿ, ಹೆಗಲು ಇಳಿಬಿಡಿ. ಮೂಗಿನಿಂದ ಸ್ವಲ್ಪವೇ ತೆಗೆದುಕೊಂಡು, ತುಟಿ ಕಿರಿದು ಮಾಡಿ, ಬೂದಿ ಹಾರದ ಹಾಗೆ ಕೆಂಡ ಊದುವಷ್ಟು ಮೆಲ್ಲಗೆ, ಉದ್ದಕ್ಕೆ ಬಿಡಿ. ಅದರ ಜೊತೆ ಗುದ್ದಾಡಬೇಡಿ. ಏರುತ್ತದೆ, ತಾನಾಗಿ ಇಳಿಯುತ್ತದೆ. ಕೊಲ್ಲುವುದಾಗಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ.

ಸುಳ್ಳು ಮದ್ದು ಬರೆಯುವ ಮನಸ್ಸಾಗಿತ್ತು. ಆ ಸಂಕಟ ಉಂಡವಳು, ಕೈ ಬರಲಿಲ್ಲ. ಆದರೆ ನಿಮ್ಮ ಮನೆಗೆ ಇನ್ನು ಕಾಲಿಡುವುದಿಲ್ಲ.

ಇತಿ,
ಯಾವ ದೆವ್ವವೂ ಬಡಿಯದ
ಮಲ್ಲಿಕಮ್ಮ

ತಾ.ಕ.: ಸಾಬಣ್ಣ ಮಾಸ್ತರರೇ, ಇವರಿಗೆ ಓದು ಬಾರದು. ಊರಿಗೆ ಬಂದ ಕಾಗದವನ್ನೆಲ್ಲ ನೀವೇ ಊರಬಾಗಿಲ ಅಗಸಿ ಕಟ್ಟೆಯ ಮೇಲೆ ಎಲ್ಲರೂ ಕೇಳುವಂತೆ ಓದುತ್ತೀರೆಂದು ಗೊತ್ತಿದ್ದೇ ಬರೆದೆ. ನಡುವೆ ಇವರು "ಸಾಕು ಬಿಡ್ರಿ" ಅಂದಿರಬೇಕು. ಮದ್ದಿನ ಆಸೆಗೆ ಎದ್ದು ಹೋಗಿರಲಾರರು. ಈಗ ಎದೆ ಹಿಡಿದಿದ್ದರೆ ಮೆಲ್ಲಗೆ ಊದಲು ಹೇಳಿ. ಕಟ್ಟೆಯ ಮೇಲೆ ಗಾಳಿಗೇನೂ ಕೊರತೆಯಿಲ್ಲ.