ಸೊಸೆ ಒಪ್ಪಿಸಿಹೋದ ದ್ವೀಪ

ಹಂಗಳ
ಮೇ 9, 2025, ಶುಕ್ರವಾರ

ಚಿ. ಸೌ. ಪವಿತ್ರಳಿಗೆ ಹಂಗಳದಿಂದ ನಿನ್ನ ಅತ್ತೆಯ ಆಶೀರ್ವಾದ. ಕೂಸಿಗೆ ಎರಡು ಮುತ್ತು. ಒಂದು ನನ್ನದು, ಇನ್ನೊಂದನ್ನು ಅದರ ಅಪ್ಪ ಭಾನುವಾರ ತಾನೇ ಬಂದು ಕೊಡುತ್ತಾನಂತೆ.

ನಾವಿಲ್ಲಿ ಚೆನ್ನಾಗಿದ್ದೇವೆ. ನಿನ್ನ ದ್ವೀಪವೂ ಚೆನ್ನಾಗಿದೆ. ಹೆರಿಗೆಯಾದ ಮೂರನೇ ದಿನ ಆಸ್ಪತ್ರೆಗೆ ಬಂದ ನನ್ನ ಕೈ ಹಿಡಿದು ನೀನು ಕೇಳಿದ ಮೊದಲ ಮಾತೇ ಅದಲ್ಲವೇ? ಪಕ್ಕದಲ್ಲಿದ್ದ ನಿಮ್ಮಮ್ಮ, ಮಗಳಿಗೆ ಜ್ವರ ನೆತ್ತಿಗೇರಿದೆ ಎಂದುಕೊಂಡು ನರ್ಸನ್ನು ಕರೆಯಲು ಓಡಿದರು. ನನಗೆ ಈಗಲೂ ನೆನೆದರೆ ನಗು ಬರುತ್ತದೆ.

ಬಾಣಂತಿಯ ಕಣ್ಣು ಹಾಳಾಗುತ್ತದೆ ಎಂದು ಅವರು ನಿನ್ನ ಫೋನನ್ನು ಬೀರುವಿನಲ್ಲಿಟ್ಟದ್ದು ಸರಿಯೇ. ನಾನಿದ್ದಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ನಾನು ಫೋನು ಮಾಡಿದಾಗಲೆಲ್ಲ ಅವರೇ ಎತ್ತಿ, ಸ್ಪೀಕರ್ ಹಾಕಿ, ನಿನ್ನ ಮುಂದೆ ಹಿಡಿಯುತ್ತಾರೆ. ಅಷ್ಟು ಜನರ ಕಿವಿಗೆ ಬೀಳುವಂತೆ ಆಡಲಾಗದ ಮಾತು ನನ್ನ ಹತ್ತಿರ ಸ್ವಲ್ಪ ಇದೆ. ಅದಕ್ಕೇ ಈ ಕಾಗದ. ಹತ್ತನೇ ಕ್ಲಾಸು ಮುಗಿಸಿದ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಬೇಡ, ಟೀಚರಮ್ಮ.

ಡಿಸೆಂಬರಿನಲ್ಲಿ ನೀನು ತವರಿಗೆ ಹೊರಟ ದಿನ ದ್ವೀಪ ಇರುವ ಆ ವಿಡಿಯೋ ಗೇಮಿನ ಡಬ್ಬಿಯನ್ನು ಗಂಡ ಶಿವಮೂರ್ತಿಗೆ ಕೊಡದೆ ನನ್ನ ಮಡಿಲಿಗೆ ಹಾಕಿದೆಯಲ್ಲ, ಅವತ್ತು ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ನೀನು ಶಾಲೆಯಿಂದ ಬಂದು ಕಾಫಿ ಕುಡಿದವಳೇ ಅದನ್ನು ಹಿಡಿದು ಕೂರುತ್ತಿದ್ದೆ. ಅದರ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. "ಅತ್ತೆ, ಇವ್ರ ಕೈಲಿ ಆಗಲ್ಲ. ನೀವು ಕಳೆ ಕಂಡ್ರೆ ಬುಡೋರಲ್ಲ. ದಿನಕ್ಕೊಂದ್ಸಲ ಒಳಕ್ಕೋಗಿ ಬಂದ್ಬುಡಿ" ಅಂದೆ. ಅಷ್ಟು ಹೇಳಿದರೆ ನಾನು ಕರಗುತ್ತೇನೆ ಎಂದು ನಿನಗೆ ಗೊತ್ತಿತ್ತು. ಕಳೆ ವಿಷಯದಲ್ಲಿ ನನ್ನನ್ನು ಯಾರಾದರೂ ಹೊಗಳಿದರೆ ನಾನು ಬೇಡ ಎನ್ನುವುದಿಲ್ಲ.

ಮೊದಲ ವಾರ ಆ ಆಟದೊಳಗಿನ ಪುಟ್ಟ ಹುಡುಗಿ, ಅಂದರೆ ನೀನು, ನನ್ನ ಹೆಬ್ಬೆರಳಿಗೆ ಸಿಕ್ಕಿ ಬರೀ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದೆ. ಎರಡು ಸಲ ಮರಕ್ಕೆ ಗುದ್ದಿಸಿದೆ. ಎಷ್ಟು ಗುದ್ದಿದರೂ ಬಸುರಿ ಹುಡುಗಿಗೆ ಏನೂ ಆಗುವುದಿಲ್ಲ ತಾನೇ ಎಂದು ಶಿವಮೂರ್ತಿಯನ್ನು ಕೇಳಿದ್ದಕ್ಕೆ ಅವನು ತಾನು ಕೆಲಸ ಮಾಡುವ ಡಿಪೋದವರಿಗೆಲ್ಲ ಹೇಳಿಕೊಂಡು ನಕ್ಕ. ಆಮೇಲೆ ಕೈ ಕೂಡಿತು. ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ಬೋರಲು ಹಾಕಿ, ಜಗಲಿಯಲ್ಲಿ ಕೂತರೆ ಒಂದು ಗಂಟೆ ನಿನ್ನ ದ್ವೀಪದಲ್ಲೇ ಇರುತ್ತೇನೆ. ಇಲ್ಲಿ ಮಧ್ಯಾಹ್ನವಾದರೆ ಅಲ್ಲೂ ಮಧ್ಯಾಹ್ನ, ಇಲ್ಲಿ ಸಂಜೆಯಾದರೆ ಅಲ್ಲೂ ಸಂಜೆ. ಇದು ಹೇಗೆ ಗೊತ್ತಾಗುತ್ತದೆ ಆ ಡಬ್ಬಿಗೆ?

ಇನ್ನೂ ಎಷ್ಟೋ ಕೇಳುವುದಿದೆ. ನಾನು ಕಿತ್ತ ಕಳೆಯನ್ನು ಅಂಗಡಿಯ ಆಮೆ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತದೆ. ತೆಗೆದುಕೊಂಡು ಏನು ಮಾಡುತ್ತದೆ? ಅಲ್ಲಿ ಮನೆ ಮಾಡಿಕೊಂಡಿರುವ ಯಾವ ಪ್ರಾಣಿಯ ಒಲೆ ಉರಿಯುವುದೂ ಕಾಣೆ, ಆದರೂ ಎಲ್ಲರೂ ದುಂಡಗಿದ್ದಾರೆ. ಜನವರಿಯಲ್ಲಿ ಒಂದು ದಿನ ನೋಡಿದರೆ ನೆಲವೆಲ್ಲ ಬೆಳ್ಳಗೆ. ಯಾರೋ ಸುಣ್ಣ ಚೆಲ್ಲಿದ್ದಾರೆ ಎಂದು ಪೊರಕೆ ಹುಡುಕುತ್ತಾ ಇಡೀ ದ್ವೀಪ ಸುತ್ತಿದೆ. ಹಿಮವಂತೆ ಅದು. ನಮ್ಮ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ನೋಡಿದ್ದೇನೆಯೇ ಹೊರತು ಕಾಲಡಿಗೆ ಬಿದ್ದಿರುವ ಹಿಮವನ್ನು ಈ ಅರವತ್ತು ವರ್ಷದಲ್ಲಿ ಕಂಡವಳಲ್ಲ. ಪೊರಕೆ ಬಿಟ್ಟು ಅದರ ಮೇಲೆ ಸುಮ್ಮನೆ ಅತ್ತಿಂದಿತ್ತ ಓಡಾಡಿದೆ. ಹೆಜ್ಜೆ ಗುರುತು ಮೂಡುತ್ತಿತ್ತು.

ಒಂದು ತಪ್ಪು ಮಾಡಿದ್ದೇನೆ, ಬೈಯಬೇಡ. ನಿನ್ನ ಮನೆಯ ಹಿಂದೆ ನೀಲಿ ಹೂಗಳ ಪಾತಿ ಇತ್ತಲ್ಲ, ಅದನ್ನು ಒಂದೇ ಮಧ್ಯಾಹ್ನದಲ್ಲಿ ಬೋಳು ಮಾಡಿದೆ. ಅರಳಿದ ಹೂವನ್ನು ಗಿಡದಲ್ಲಿ ಬಿಟ್ಟರೆ ಬಾಡುತ್ತದೆ, ಬಾಡಿದ್ದನ್ನು ಲಾರಿಯವನು ಎತ್ತುವುದಿಲ್ಲ. ಮೂವತ್ತು ವರ್ಷ ಚೆಂಡು ಹೂ ಬಿಡಿಸಿದ ಕೈ ಇದು, ಹೂ ಕಂಡರೆ ತಾನಾಗಿ ಹೋಗುತ್ತದೆ. ಬುಟ್ಟಿ ತುಂಬಿಸಿ ಆಮೆಗೆ ಮಾರಿದೆ. ಅವು ನೀನು ಎರಡು ವರ್ಷ ಬಣ್ಣಕ್ಕೆ ಬಣ್ಣ ಬೆರೆಸಿ ಪಡೆದ ಹೂಗಳು ಎಂದು ಶಿವಮೂರ್ತಿ ಹೇಳಿದಾಗ ಮತ್ತೆ ಪಾತಿಗೆ ಓಡಿದೆ. ಪುಣ್ಯಕ್ಕೆ ಗಿಡ ಕಿತ್ತಿರಲಿಲ್ಲ. ಮೂರೇ ದಿನಕ್ಕೆ ಮತ್ತೆ ಅಷ್ಟೂ ಹೂ ಬಂತು. ಅಂಥ ಭೂಮಿ ನಮಗೆ ಒಂದು ಗುಂಟೆ ಸಿಕ್ಕಿದ್ದರೆ ಸಾಕಿತ್ತು.

ಈಗ ಆ ಮೇಕೆಯ ವಿಷಯ. ನಿನ್ನ ಮನೆಯ ಪಕ್ಕದಲ್ಲೇ ಇರುವ, ಕನ್ನಡಕದ, ಯಾವಾಗಲೂ ಮೂತಿ ಉಬ್ಬಿಸಿಕೊಂಡಿರುವ ಮೇಕೆ. ಏನು ಹೇಳಿದರೂ ಕೊನೆಗೆ ಅದೊಂದು ಮಾತು ಸೇರಿಸುತ್ತಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದರೂ ಅದು ಯಾವ ಇಂಗ್ಲಿಷ್ ಎಂದು ನನಗೆ ಹೊಳೆಯಲಿಲ್ಲ. ಒಂದು ದಿನ ಊಟಕ್ಕೆ ಕೂತ ಶಿವಮೂರ್ತಿಗೆ ತೋರಿಸಿದೆ. ಅವನು ಗಟ್ಟಿಯಾಗಿ ಓದಿದ: "ಎಷ್ಟೊತ್ತಮ್ಮಿ." ಮುದ್ದೆ ನೆತ್ತಿಗೆ ಹತ್ತುವಷ್ಟು ನಕ್ಕ. ನೀನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಕೇಳುತ್ತಿದ್ದ ಮಾತನ್ನು ಒಂದು ಮೇಕೆಗೆ ಕಲಿಸಿದ್ದೀಯಲ್ಲ! ಎರಡು ದಿನ ಅದನ್ನು ಮಾತಾಡಿಸಲಿಲ್ಲ. ಮೂರನೇ ದಿನ ಅದೇ ಎದುರು ಬಂದು, ಎಲ್ಲಿ ಹೋಗಿದ್ದೆ, ಹುಷಾರಿಲ್ಲವೇನೋ ಎಂದು ಯೋಚಿಸುತ್ತಿದ್ದೆ ಅಂದಿತು. ಆಮೇಲೆ ನೋಡಿದರೆ ದ್ವೀಪದಲ್ಲಿ ಚೆಂದದ ಜಾಗ ಅದರದ್ದೇ. ಬಾಗಿಲಿಗೆ ಹಳದಿ ಹೂ, ಕೂರಲು ಕಲ್ಲುಬೆಂಚು. ಬೇರೆಯವರಿಗೆ ಕೊಡದ್ದನ್ನು ಅದಕ್ಕೆ ಕೊಟ್ಟಿದ್ದೀಯ. ಹಾಗಾದರೆ ನೀನು ನನ್ನನ್ನು ಅಣಕಿಸಿದೆಯೋ ಹತ್ತಿರ ಇರಲಿ ಎಂದು ಇಟ್ಟುಕೊಂಡೆಯೋ ಎಂದು ನನಗಿನ್ನೂ ತಿಳಿದಿಲ್ಲ.

ಶಾಲೆಯ ವಿಷಯಕ್ಕೆ ನೀನು ಇನ್ನೂ ಅಳುತ್ತೀಯ ಎಂದು ಶಿವಮೂರ್ತಿ ಹೇಳಿದ. ಮಾರ್ಚಿನಲ್ಲಿ ನಿಮ್ಮಮ್ಮನನ್ನು ಕಾಡಿ ಫೋನು ಇಸಕೊಂಡು ಶಾಲೆಗೆ ಮಾಡಿದೆಯಂತೆ. ನಿನ್ನ ಜಾಗಕ್ಕೆ ಬೇರೆಯವರು ಬಂದಾಯಿತು ಎಂದು ಆಫೀಸಿನವರು ಹೇಳಿದ್ದಕ್ಕೆ, ಯಾಕೆ ಎಂದೂ ಕೇಳದೆ ಇಟ್ಟುಬಿಟ್ಟೆಯಂತೆ. ನಾನು ಹಂಗಳಕ್ಕೆ ಬಂದು ಏನು ಮಾಡಲಿ, ಇಲ್ಲೇ ಅಮ್ಮನ ಹತ್ತಿರ ಇರುತ್ತೇನೆ ಎಂದೂ ಅವನಿಗೆ ಹೇಳಿದ್ದೀಯ. ಅವನು ಅದನ್ನು ನನಗೆ ಹೇಳುವಾಗ ಗೋಡೆ ನೋಡಿಕೊಂಡು ಹೇಳಿದ. ಆವತ್ತಿನಿಂದ ನನ್ನ ಬಾಯಿಗೆ ಊಟ ರುಚಿಸಿಲ್ಲ.

ದ್ವೀಪದ ದಿಬ್ಬದ ಮೇಲೆ ಮರಗಳ ಕೆಳಗೆ ನೀನು ಒಂದಷ್ಟು ಬೆಂಚು, ಗಂಟೆ, ಗೋಳ, ಕರೀ ಬೋರ್ಡು ಇಟ್ಟಿದ್ದೆ. ಒಂದು ಬೆಂಚು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ, ನೆಲದ ಮೇಲೆ ಪುಸ್ತಕ. ಚೊಕ್ಕಟ ಮಾಡು ಎಂದು ನನಗೆ ಹೇಳಿಹೋಗಿದ್ದೆಯಲ್ಲ, ಅದಕ್ಕೇ ಜನವರಿಯಲ್ಲೇ ಎಲ್ಲವನ್ನೂ ಎತ್ತಿ ಉಗ್ರಾಣಕ್ಕೆ ಹಾಕಿದೆ. ಬೋರ್ಡಿನ ಮೇಲೆ ಏನೋ ಗೀಚಿತ್ತು. ಕನ್ನಡಕ ಒಳಗಿತ್ತು, ಓದಲಿಲ್ಲ. ಆ ಜಾಗದಲ್ಲಿ ಸಾಲು ಹಿಡಿದು ಹಳದಿ ಹೂ ನೆಟ್ಟೆ. ನೋಡಲು ಬಹಳ ಒಪ್ಪವಾಗಿತ್ತು.

ಆದರೆ ಮಧ್ಯಾಹ್ನವಾದರೆ ಒಂದು ಮೊಲದ ಮರಿ ಪುಸ್ತಕ ಹಿಡಿದು ಅಲ್ಲಿಗೇ ಬರುತ್ತಿತ್ತು. ಕೂರಲು ಬೆಂಚಿಲ್ಲ. ಹೂವಿನ ಸಾಲಿನ ನಡುವೆ ನಿಂತು ಓದುತ್ತಿತ್ತು. ಇದಕ್ಕೆ ಬೇರೆ ಜಾಗವಿಲ್ಲವೇ, ದಿನಾ ಇಲ್ಲಿಗೇ ಯಾಕೆ ಬರುತ್ತದೆ ಎಂದು ನನಗೆ ಕುತೂಹಲ. ಶಿವಮೂರ್ತಿಗೆ ತೋರಿಸಿದೆ. ಅವನು ನಗುವುದನ್ನು ಬಿಟ್ಟು, "ಅವ್ವ, ಇದು ಅವಳ ಸ್ಕೂಲು ಕಣವ್ವ. ಬೆಂಚೆಲ್ಲ ಎತ್ತಾಕ್ಬುಟ್ಯಾ?" ಅಂದ.

ಕಳೆದ ಸೋಮವಾರ ಎಲ್ಲವನ್ನೂ ಉಗ್ರಾಣದಿಂದ ತೆಗೆದು ಮತ್ತೆ ಇಟ್ಟಿದ್ದೇನೆ. ಯಾವ ಬೆಂಚು ಯಾವ ಕಡೆ ತಿರುಗಿತ್ತು ಎಂದು ನೆನಪಿಲ್ಲ, ಅಂದಾಜಿನಲ್ಲಿ ಸೊಟ್ಟಗಿಟ್ಟೆ. ಬೋರ್ಡನ್ನು ಕನ್ನಡಕ ಹಾಕಿಕೊಂಡು ಓದಿದೆ. ಕನ್ನಡದಲ್ಲೇ ಬರೆದಿದ್ದೀಯ. ನಿನ್ನ ಎರಡನೇ ಕ್ಲಾಸಿನ ಹತ್ತೊಂಬತ್ತು ಮಕ್ಕಳ ಹೆಸರು, ಅದರ ಕೆಳಗೆ "ಟೀಚರ್ ಜೂನ್‌ಗೆ ಬರ್ತಾರೆ" ಎಂದು.

ನಿನ್ನೆ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ ನಿಮ್ಮ ಹೆಡ್‌ಮಾಸ್ಟರ್ ರಾಜಣ್ಣನವರನ್ನು ನೋಡಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೂರಿಸಿದರು. ನಿನ್ನ ಜಾಗಕ್ಕೆ ಬಂದವಳಿಗೆ ಚಾಮರಾಜನಗರದಲ್ಲಿ ಬೇರೆ ಕೆಲಸ ಸಿಕ್ಕಿದೆಯಂತೆ, ಜುಲೈ ಕೊನೆಗೆ ಬಿಡುತ್ತಾಳಂತೆ. ಆಗಸ್ಟ್ ಒಂದರಿಂದ ಎರಡನೇ ಕ್ಲಾಸು ಖಾಲಿ. ನೀನು ಬರುವುದಾದರೆ ಈ ತಿಂಗಳ ಒಳಗೆ ನೀನೇ ಹೇಳಬೇಕಂತೆ. ನಿನ್ನ ಬಾಯಿಂದಲೇ ಕೇಳಬೇಕು ಎಂದು ಎರಡು ಸಲ ಹೇಳಿದರು.

ಆಗಸ್ಟಿಗೆ ಕೂಸಿಗೆ ಐದು ತಿಂಗಳು ತುಂಬಿರುತ್ತದೆ. ಬೆಳಗ್ಗೆಯಿಂದ ಸಂಜೆವರೆಗೆ ಅದು ನನ್ನ ಪಾಲಿಗಿರಲಿ. ಊಟದ ಬಿಡುವಿಗೆ ಬಸ್ಸಿನಲ್ಲಿ ನಾನೇ ಎತ್ತಿಕೊಂಡು ಬರುತ್ತೇನೆ, ಹಾಲು ಕುಡಿಸಿ ಕಳಿಸು. ನನ್ನ ಕೈ ಬಿಡುವಾಗಲಿ ಎಂದು ಈ ಸಲ ಚೆಂಡು ಹೂವನ್ನು ಅರ್ಧ ಎಕರೆಗೆ ಇಳಿಸಲು ಶಿವಮೂರ್ತಿಗೆ ಹೇಳಿದ್ದೇನೆ. ಯೋಚನೆ ಮಾಡಿ ನೋಡು. ಕಿವಿಗೆ ಹತ್ತಿ ಇಟ್ಟುಕೋ, ತಲೆಗೆ ಬಟ್ಟೆ ಕಟ್ಟಿಕೋ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ದ್ವೀಪದ ಕಾವಲಿನವಳು,
ಅತ್ತೆ ಮಲ್ಲಮ್ಮ

ತಾ.ಕ.: ಕಾಗದ ಮಡಿಸಿ ಅನ್ನದ ಅಗುಳು ಹಚ್ಚಿದ್ದೆ. ಅದು ಒಣಗುವ ಮೊದಲೇ ಬಿಚ್ಚಿದೆ. ಕನ್ನಡಕ ಒಳಗಿತ್ತು ಎಂದು ಮೇಲೆ ಬರೆದದ್ದು ಸುಳ್ಳು. ಜನವರಿಯಲ್ಲೇ ಆ ಬೋರ್ಡು ಓದಿದ್ದೆ, ಓದಿಯೇ ಎತ್ತಿಟ್ಟೆ. ಮಾರನೇ ದಿನ ನಿಮ್ಮ ಶಾಲೆಗೆ ಹೋಗಿ, ಹೆರಿಗೆಯಾದ ಮೇಲೆ ಅವಳು ಬರುವುದಿಲ್ಲ, ಹೇಳಿಕಳಿಸಿದ್ದಾಳೆ ಅಂದೆ. ಬರೆದುಕೊಡಿ ಅಂದರು. ನಿನ್ನ ಪರವಾಗಿ ಎಂದು ಬರೆದು ನಾನೇ ಸಹಿ ಹಾಕಿದೆ. ಶಾಲೆಯವರು ನಿನ್ನನ್ನು ತೆಗೆಯಲಿಲ್ಲ, ಪವಿತ್ರ. ತೆಗೆದವಳು ನಾನು. ಹದಿನೇಳಕ್ಕೆ ಈ ಮನೆಗೆ ಬಂದ ಮೇಲೆ ನಾನು ಎಲ್ಲಿಗಾದರೂ ಬರಲಿ ಎಂದು ಹೊರಗೆ ಯಾರೂ ಕಾದದ್ದಿಲ್ಲ. ನಿನಗೆ ಹತ್ತೊಂಬತ್ತು ಮಕ್ಕಳು ಕಾಯುತ್ತಿದ್ದರು. ಹೊಟ್ಟೆ ಉರಿಯಿತು. ಮನೆಗಾಗಿ, ಕೂಸಿಗಾಗಿ ಎಂದು ನನಗೆ ನಾನೇ ಹೇಳಿಕೊಂಡದ್ದೆಲ್ಲ ಆಮೇಲಿನದು.

ಇದು ಶಿವಮೂರ್ತಿಗೆ ಗೊತ್ತಿಲ್ಲ. ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ನಿನ್ನೆ ರಾಜಣ್ಣನವರು ಆ ಕಾಗದವನ್ನು ಫೈಲಿನಿಂದ ತೆಗೆದು ತೋರಿಸಿದರು. ಕೊಡಿ, ಹರಿದುಹಾಕುತ್ತೇನೆ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. "ನೀವಲ್ಲ ಕಣಮ್ಮ ಹರಿಬೇಕಾದ್ದು. ಟೀಚರ್ ಬಂದು ಹರೀಲಿ ಬುಡಿ" ಅಂದರು. ಅದು ಅಲ್ಲೇ ಇದೆ. ನೀನು ಹಂಗಳಕ್ಕೆ ಬರದಿದ್ದರೂ ಸರಿ, ನನ್ನ ಮುಖ ನೋಡದಿದ್ದರೂ ಸರಿ, ಹೋಗಿ ಅದನ್ನು ಹರಿದುಹಾಕು.