ಕುಸುಬಿ ಓಣಿಯ ಲೇಖಕಿಗೆ, ಹೆಬ್ಬೆಟ್ಟು ಮಂದಿರದಿಂದ

ಗದಗ ಪಟ್ಟಣ
ಅರವತ್ತೊಂದನೆಯ ಸಂವತ್ಸರ, ಬಹುಳ ಹದಿನೇಳು, ಊಟವಾದ ಮೇಲೆ

ಅಂಚೆಗಂಟು ಕಟ್ಟುವುದರಲ್ಲಿ ಅದ್ವಿತೀಯರೂ, ಅಂಟುಪಟ್ಟಿಯನ್ನು ಹಲ್ಲಿನಿಂದಲೇ ಹರಿಯಬಲ್ಲ ಧೀರರೂ, ತಮ್ಮ ಗ್ರಂಥಕ್ಕೆ ತಾವೇ ಲೇಖಕಿ, ತಾವೇ ಪ್ರಕಾಶಕಿ, ತಾವೇ ಕರಡು ತಿದ್ದುವವರು, ತಾವೇ ಹಮಾಲರೂ ಆಗಿ ಚತುರ್ಮುಖ ಬ್ರಹ್ಮನನ್ನು ನಾಚಿಸಿದವರೂ, ಪಿಡಿಎಫ್ ಎಂಬ ರಕ್ತಬೀಜಾಸುರನೊಡನೆ ಬರಿಗೈಯಲ್ಲಿ ಕಾದಿದವರೂ ಆದ ಶ್ರೀಮತಿ ಇಂದುಮತಿ ಹೊಂಬಳ ಅವರ ದಿವ್ಯ ಸನ್ನಿಧಾನಕ್ಕೆ, ತಮ್ಮಿಂದ ಮುನ್ನೂರೈವತ್ತು ವರ್ಷ ಆಚೆ ಕುಳಿತಿರುವ, ವಯಸ್ಸಿನಲ್ಲಿ ಹತ್ತೊಂಬತ್ತು, ಗಾಂಭೀರ್ಯದಲ್ಲಿ ತೊಂಬತ್ತು ಆದ ಫಕೀರವ್ವಳು, ಸಾಷ್ಟಾಂಗಕ್ಕೆ ಕೋಣೆಯಲ್ಲಿ ಜಾಗ ಸಾಲದ್ದರಿಂದ ಕುಳಿತಲ್ಲಿಂದಲೇ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಸಂವತ್ಸರಗಳು ಅರವತ್ತೇ ಎಂದು ನೀವು ಕಲಿತಿದ್ದೀರಿ. ಅರ್ಧಕ್ಕೆ ನಿಂತ ಕೆಲಸಗಳನ್ನು ಜನ ಮುಗಿಸಿಕೊಳ್ಳಲಿ ಎಂದು ನಮ್ಮ ನಗರಸಭೆಯವರು ‘ಬಿಡುವು’ ಎಂಬ ಹೆಸರಿನ ಇನ್ನೊಂದನ್ನು ಸೇರಿಸಿದರು. ಯಾರೂ ಏನನ್ನೂ ಮುಗಿಸಲಿಲ್ಲ. ಅಮಾವಾಸ್ಯೆಯ ಮೇಲೆ ಎರಡು ತಿಥಿ ಹೆಚ್ಚಿಗೆ ಕೊಟ್ಟರು. ಅವನ್ನೂ ಮಲಗಿ ಕಳೆದೆವು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಮೊಬೈಲುಗಳ ಒಂದೇ ಒಂದು ಗುಂಪಿನ ಹರಟೆಯಿಂದ, ಅದರಲ್ಲಿ ಅರ್ಧ ಮಂದಿ ‘ಮೇಡಂ ಸೂಪರ್’ ಎಂಬುದರಾಚೆ ಮಾತೇ ಆಡುವುದಿಲ್ಲ. ಈ ಕಾಗದ ಬರುವ ದಾರಿಯನ್ನೂ ಹೇಳಿಬಿಡುತ್ತೇನೆ. ಕಪ್ಪತಗುಡ್ಡದ ಮೇಲೆ ನಿಮ್ಮ ಕಾಲದ ಗಾಳಿಕಂಬಗಳು ಇನ್ನೂ ನಿಂತಿವೆ. ಒಂದರ ರೆಕ್ಕೆಗೆ ಕಾಗದ ಕಟ್ಟಿ ಹಿಂದಕ್ಕೆ ತಿರುಗಿಸಿದರೆ ಅದು ಹಿಂದಿನ ಕಾಲಕ್ಕೆ ಹೋಗುತ್ತದೆ. ಇದಕ್ಕೆ ‘ಹಿಂದಂಚೆ’ ಎನ್ನುತ್ತೇವೆ. ಮುಟ್ಟಿತೋ ಇಲ್ಲವೋ ತಿಳಿಯುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ನನ್ನ ಉದ್ಯೋಗ ಹೆಬ್ಬೆಟ್ಟು ಮಂದಿರದಲ್ಲಿ ಗಾಜು ಒರೆಸುವುದು. ನಿಮ್ಮ ಕಾಲದ ಬರಹವೆಂದು ಈ ಊರಿನಲ್ಲಿ ಉಳಿದಿರುವುದು ಒಂದೇ: ನಿಮ್ಮ ಕಾದಂಬರಿ ‘ಕುಸುಬಿ ಓಣಿ’ಯನ್ನು ಯಾರೋ ಮೊಬೈಲಿನಲ್ಲಿ ಪುಟಪುಟವಾಗಿ ಫೋಟೊ ಹೊಡೆದು ಮಾಡಿದ ಪಿಡಿಎಫ್, ಅದರ ಬೆನ್ನಿಗಂಟಿದ ಆ ಹರಟೆಯೂ ಸೇರಿ. ನೀವು ಅಚ್ಚು ಹಾಕಿಸಿದ ಪ್ರತಿಗಳೆಲ್ಲ ಮಣ್ಣಾದವು, ಕದ್ದದ್ದು ಉಳಿಯಿತು. ಇದನ್ನು ಓದಿ ನಿಮಗಾಗುವ ಸಂಕಟಕ್ಕೆ ಗೌರವ ಸಲ್ಲಿಸಲು ಇಲ್ಲಿ ಒಂದು ಗಳಿಗೆ ಪೆನ್ನು ಎತ್ತಿ ಹಿಡಿದಿದ್ದೆ.

ಅದರ ಮೊದಲ ಪುಟವನ್ನು ಗಾಜಿನೊಳಗೆ ಇಟ್ಟಿದ್ದಾರೆ. “ಈ ಪುಸ್ತಕವನ್ನು ನಾನೇ ಬರೆದು, ನಾನೇ ಅಚ್ಚು ಹಾಕಿಸಿ, ನಾನೇ ನಿಮ್ಮ ವಿಳಾಸ ಬರೆದು ಕಳಿಸಿದ್ದೇನೆ. ದಯವಿಟ್ಟು ಇದರ ಪಿಡಿಎಫ್ ಮಾಡಿ ಹಂಚಬೇಡಿ” ಎಂಬ ನಿಮ್ಮ ವಿನಂತಿ, ಅದರ ಪಕ್ಕದಲ್ಲೇ ಪುಟವನ್ನು ಒತ್ತಿ ಹಿಡಿದ ಕಳ್ಳಬೆರಳು. ಉಗುರಿನ ಸಂದಿಯಲ್ಲಿ ಅರಿಷಿಣ. ಒಗ್ಗರಣೆ ಹಾಕುತ್ತ ಮಧ್ಯೆ ಎದ್ದು ಬಂದು ಕದ್ದಿರಬೇಕು. ನಮ್ಮ ಪಂಡಿತರು ಇದನ್ನು ಬಹಳ ಕಾಲ ಅಧ್ಯಯನ ಮಾಡಿದರು. ಬರಹದ ಬದಿಯಲ್ಲಿ ಹೆಬ್ಬೆರಳು ಇದೆ ಎಂದರೆ ಅದು ಹೆಬ್ಬೆಟ್ಟೇ ಸರಿ. ಹೆಬ್ಬೆಟ್ಟು ಒತ್ತಿದ್ದಾರೆ ಎಂದರೆ ಸಹಿ ಬಾರದವರೇ ಸರಿ. ಆದ್ದರಿಂದ ಇಪ್ಪತ್ತೊಂದನೆಯ ಶತಮಾನದ ಲೇಖಕರೆಲ್ಲ ನಿರಕ್ಷರಿಗಳು ಎಂದು ತೀರ್ಮಾನಿಸಿದರು. ಊರ ನಡುವೆ ಹೆಬ್ಬೆಟ್ಟು ವೃತ್ತವಿದೆ, ಆಳೆತ್ತರದ ಕಲ್ಲಿನ ಬೆರಳು. ಪರೀಕ್ಷೆಗೆ ಹೋಗುವ ಮಕ್ಕಳು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. “ಅದು ಕಳ್ಳರ ಬೆರಳ್ರೀ” ಎಂದು ನಾನು ಮಂದಿರದ ಮೇಲ್ವಿಚಾರಕರಿಗೆ ಹೇಳಿ ನೋಡಿದೆ. “ಯವ್ವಾ, ಕಲ್ಲಾಗಿ ನಿಂತದ್ದರ ಬಗ್ಗೆ ಹಂಗ ಮಾತಾಡಬಾರದು” ಎಂದರು. ಆ ಸಿಟ್ಟಿಗೆ ಒಂದು ಹಬ್ಬದ ಬೆಳಿಗ್ಗೆ ಕಲ್ಲಿನ ಉಗುರಿಗೆ ಅರಿಷಿಣ ಬಳಿದು ಬಂದೆ. ಪವಾಡವೆಂದು ಸುದ್ದಿಯಾಯಿತು. ಈಗ ಪ್ರತಿ ಹಬ್ಬಕ್ಕೂ ಬಳಿಯಬೇಕಾಗಿದೆ, ನಿಲ್ಲಿಸಿದರೆ ಊರಿಗೆ ಕೆಡುಕೆನ್ನುತ್ತಾರೆ.

ಇನ್ನು ನಮ್ಮ ಓದಿನ ವಿಚಾರ. ನಿಮಗೆ ಸಂತೋಷವಾಗಬಹುದು: ನಮ್ಮಲ್ಲಿ ಪುಸ್ತಕಗಳ್ಳತನವೇ ಇಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ‘ನಕಲುಗಾಳಿ’ ಎಂಬ ಯಂತ್ರ ಬಂದು, ಕಾಗದದ ಮೇಲಿನ ಶಾಯಿ ಆರುವ ಮೊದಲೇ ಬರೆದದ್ದು ಲೋಕವೆಲ್ಲ ಹಬ್ಬುವಂತಾಯಿತು. ಅದೂ ಬೇರೆಯವರ ಹೆಸರಿನಲ್ಲಿ, ಬೇರೆ ಮುಕ್ತಾಯದೊಂದಿಗೆ. ಆಗ ಲೇಖಕರೆಲ್ಲ ಸೇರಿ ‘ಒಂಟೋದು’ ಎಂಬ ಪದ್ಧತಿ ತಂದರು. ಒಂದು ಪುಸ್ತಕಕ್ಕೆ ಒಬ್ಬರೇ ಓದುಗರು. ಕಂಬಳಿ ಹೊದಿಸಿದ ಗೋಡೆಗಳ ಒಂದು ಕೋಣೆಯಲ್ಲಿ ಲೇಖಕರು ಎದುರು ಕುಳಿತು ಪೂರ್ತಿ ಓದಿ ಹೇಳುತ್ತಾರೆ. ಮುಗಿದ ಮೇಲೆ ಹಾಳೆಗಳನ್ನು ನೀರಿನ ಕೊಪ್ಪರಿಗೆಯಲ್ಲಿ ಅದ್ದಿ ತೊಳೆಯುತ್ತಾರೆ. ಓದುಗರ ನಾಲಿಗೆಯ ಮೇಲೆ ಒಂದು ಚೂರು ಬೆಲ್ಲವಿಡುತ್ತಾರೆ, ಇದು ‘ಬಾಯಿಮುದ್ರೆ’. ಬೆಲ್ಲ ಕರಗಿದ ಮೇಲೆ ಆ ಕಥೆಯ ಒಂದಕ್ಷರವನ್ನೂ ಯಾರ ಮುಂದೆಯೂ ಆಡುವಂತಿಲ್ಲ, ಬರೆದವರ ಮುಂದೆಯೂ ಸಹ. ಓದುಗರ ಮನೆಯವರು ಲೇಖಕರಿಗೆ ವರ್ಷದ ಜೋಳ ಕೊಡುತ್ತಾರೆ. ಲೇಖಕರು ಉಂಡು ಗುಂಡಗಿದ್ದಾರೆ. ಕದಿಯಲು ಏನೂ ಇಲ್ಲ.

ಮಾತಾಡಲೂ ಏನೂ ಇಲ್ಲ. ಈ ಊರಿನಲ್ಲಿ ಒಂದೇ ಪುಸ್ತಕವನ್ನು ಓದಿದ ಇಬ್ಬರು ಮನುಷ್ಯರು ಇಲ್ಲ. ನಾನು ಹದಿನಾರಕ್ಕೆ ಕಾಲಿಟ್ಟಾಗ ರೋಣದ ಈರಸಂಗಪ್ಪನವರು ತಮ್ಮ ಕಥೆಗೆ ನನ್ನನ್ನು ಆರಿಸಿಕೊಂಡರು. ಕೇಳಿ ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಬೀದಿಯಲ್ಲಿ ಸೊಪ್ಪು ಮಾರುವವಳನ್ನು ನಿಲ್ಲಿಸಿ ಹೇಳಬೇಕು ಅನ್ನಿಸಿತು. ಮನೆಯಲ್ಲಿ ಅಜ್ಜಿ “ಹೆಂಗಿತ್ತವಾ?” ಎಂದು ಕೇಳಿದಳು. “ಚಲೋ ಇತ್ತು” ಎಂದೆ. ಅಷ್ಟಕ್ಕೆ ಮಾತ್ರ ಅಪ್ಪಣೆಯಿದೆ. “ನಂದೂ ಚಲೋ ಇತ್ತು” ಎಂದು ಅಜ್ಜಿ, ತನ್ನ ಹದಿನಾರನೆಯ ವಯಸ್ಸಿನ ಕಥೆಯನ್ನು ನೆನೆಸಿಕೊಂಡು, ಗೋಡೆ ನೋಡುತ್ತ ಕುಳಿತಳು.

ನಮ್ಮಲ್ಲಿ ವಿಮರ್ಶಕರ ಸಂಘವೂ ಇದೆ. ವರ್ಷಕ್ಕೊಮ್ಮೆ ಸೇರುತ್ತಾರೆ. ಒಬ್ಬೊಬ್ಬರಾಗಿ ಎದ್ದು, ಶಾಲು ಸರಿಪಡಿಸಿಕೊಂಡು, “ಚಲೋ ಇತ್ತು” ಎಂದು ಕುಳಿತುಕೊಳ್ಳುತ್ತಾರೆ. ಆಮೇಲೆ ಮಂಡಕ್ಕಿ, ಮಿರ್ಚಿಭಜಿ, ಚಹಾ. ಹೋದ ಸಭೆಯಲ್ಲಿ ನಾನು ಯಾರದೋ ಶಾಲು ಹೊದ್ದು ಒಳಗೆ ನುಗ್ಗಿದೆ. ನನ್ನ ಸರದಿ ಬಂದಾಗ ಎದ್ದು ನಿಂತು, ಕೆಮ್ಮಿ, “ಚಲೋ ಇರಲಿಲ್ಲ” ಎಂದೆ. ಒಬ್ಬರ ಕೈಯಿಂದ ಚಹಾಕ್ಕೆಂದು ಮೊದಲೇ ಹಿಡಿದಿದ್ದ ಬಶಿ ಜಾರಿತು. ಅಧ್ಯಕ್ಷರು ಎದೆ ಹಿಡಿದುಕೊಂಡರು. ನಾನು ನಗುತ್ತ ಹೊರಗೋಡಿದೆ. ಹಿಂದೆಯೇ ಒಬ್ಬ ಮುದುಕರು, ರಾಚಯ್ಯನವರೆಂದು, ಏದುಸಿರು ಬಿಡುತ್ತ ಬಂದು ನನ್ನ ಕೈ ಹಿಡಿದರು. ಬಯ್ಯುತ್ತಾರೆಂದು ಕಾದೆ. “ಖರೇನವಾ? ಏನ್ ಚಲೋ ಇರಲಿಲ್ಲ? ಯಾವ ಜಾಗಾದಾಗ ಕೆಡಿಸಿದ್ದ? ಅಷ್ಟ ಹೇಳು, ಯಾರಿಗೂ ಹೇಳೂದಿಲ್ಲ ನಾ” ಎಂದರು. ಹಸಿದವರು ಕೇಳಿದ ಹಾಗೆ ಕೇಳಿದರು. “ಸುಮ್ನ ಚೇಷ್ಟೆ ಮಾಡಿದ್ನಿರೀ ಅಜ್ಜಾ” ಎಂದು ಹೇಳಬೇಕಾಯಿತು. ಅವರ ಕೈ ಸಡಿಲವಾಯಿತು. ನನ್ನ ಚೇಷ್ಟೆಗಳಲ್ಲಿ ನಗು ಬರದೆ ಹೋದದ್ದು ಅದೊಂದೇ.

ಈರಸಂಗಪ್ಪನವರನ್ನು ಆಮೇಲೆ ಒಮ್ಮೆ ಹಿಟ್ಟಿನ ಗಿರಣಿಯಲ್ಲಿ ಕಂಡೆ. ಪಾಳಿಯಲ್ಲಿ ನಿಂತಿದ್ದರು. ಮಾತಾಡುವಂತಿಲ್ಲವಲ್ಲ, ಅವರು ನನ್ನನ್ನು ನೋಡಿ ಎಡಗಿವಿ ಹಿಡಿದು ಜಗ್ಗಿಕೊಂಡರು. ಅವರ ಕಥೆಯಲ್ಲಿ ಒಂದು ಕುದುರೆಯಿದೆ, ಅದರ ಯಜಮಾನ ಸುಳ್ಳು ಹೇಳುವಾಗಲೆಲ್ಲ ಹಾಗೆ ಕಿವಿ ಜಗ್ಗಿಕೊಳ್ಳುತ್ತಾನೆ. (ಇಷ್ಟು ಬರೆದದ್ದೇ ಅಪರಾಧ. ಓದಿದ್ದರಿಂದ ನೀವೂ ಪಾಲುದಾರರು.) ನಾನು ನಕ್ಕ ನಗುವಿಗೆ ಗಿರಣಿಯವರು ಬೆಲ್ಟು ನಿಲ್ಲಿಸಿ ನೋಡಿದರು. ನನ್ನ ಆಯುಷ್ಯದಲ್ಲಿ ನಡೆದ ಸಾಹಿತ್ಯಚರ್ಚೆ ಅದೊಂದೇ. ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈಗ ಆ ಕಥೆ ಇರುವುದು ನನ್ನೊಬ್ಬಳ ತಲೆಯಲ್ಲಿ. ಹೋದ ತಿಂಗಳು ಗಾಜು ಒರೆಸುತ್ತಿದ್ದಾಗ ಆ ಕುದುರೆಯ ಹೆಸರು ನೆನಪಾಗಲಿಲ್ಲ. ಇನ್ನೂ ಆಗಿಲ್ಲ. ಏನೋ ಕೆಂಪು ಬಣ್ಣದ ಹೆಸರು. ಕೇಳೋಣವೆಂದರೆ ಭೂಮಿಯ ಮೇಲೆ ಯಾರಿದ್ದಾರೆ?

ಆ ದಿನವೇ ನಾನು ಗಾಜಿನ ಪೆಟ್ಟಿಗೆಯ ಕೆಳಗಿನ ಕಪಾಟು ತೆರೆದೆ. ಮೊದಲ ಪುಟದ ನಂತರದ್ದನ್ನೆಲ್ಲ ಅಲ್ಲಿ ತುಂಬಿಟ್ಟಿದ್ದಾರೆ. ಹಲವರು ಓದಿದ ಪುಸ್ತಕಕ್ಕೆ ನಮ್ಮಲ್ಲಿ ‘ಎಂಜಲೋದು’ ಎನ್ನುತ್ತಾರೆ, ಮರ್ಯಾದಸ್ಥರು ಮುಟ್ಟುವುದಿಲ್ಲ. ಪಿಡಿಎಫ್ ಜೊತೆಗೆ ಅದು ಹರಿದಾಡಿದ ಗುಂಪಿನ ಹರಟೆಯೂ ಇತ್ತು. ಯಾರೋ “ಅಣ್ಣಾರ, ಕುಸುಬಿ ಓಣಿ ಇದ್ರ ಹಾಕ್ರಿ” ಎಂದಿದ್ದಾರೆ, ಯಾರೋ ಹಾಕಿದ್ದಾರೆ, ಕೈಮುಗಿದ ಚಿತ್ರಗಳ ಸಾಲು ಬಂದಿದೆ. ಆಗ ನೀವು ಒಳಗೆ ಬಂದಿರಿ. “ನಮಸ್ಕಾರ. ಈ ಪುಸ್ತಕ ಬರದಾಕಿ ನಾನು.” “ಮೇಡಂ ಸೂಪರ್ ಬುಕ್ ರೀ.” “ಮೇಡಂ, ನಿಮ್ಮ ಹಳೇ ಪುಸ್ತಕದ್ದೂ ಪಿಡಿಎಫ್ ಇದ್ರ ನೀವ ಹಾಕಿಬಿಡ್ರಲ್ಲ.” ನೀವು ಬಯ್ಯಲಿಲ್ಲ. ಪ್ರತಿಯೊಂದು ಪುಸ್ತಕದ ಮೇಲೆ ಕೊಂಡವರ ಹೆಸರು ಬರೆದದ್ದನ್ನು, ಸ್ಕೂಟಿಯ ಮೇಲೆ ಅಂಚೆಗೆ ಹೊತ್ತದ್ದನ್ನು, ದೂರು ಕೊಟ್ಟು ಒಂದು ಗುಂಪು ಮುಚ್ಚಿಸಿದರೆ ಮರುದಿನವೇ ‘ಪುಸ್ತಕಪ್ರೇಮಿಗಳು ಭಾಗ ಎರಡು’ ಹುಟ್ಟಿದ್ದನ್ನು ಹೇಳಿದಿರಿ. “ಎಷ್ಟಂತ ಬಾಗಲಾ ಮುಚ್ಚಲಿ, ಮನೀನ ಬಯಲಾಗೇತಿ” ಎಂದಿರಿ.

ಅದಕ್ಕೆ ಒಬ್ಬ ಪುಣ್ಯಾತ್ಮ: “ಅದೆಲ್ಲಾ ಬಿಡ್ರಿ ಮೇಡಂ, ತುಂಗವ್ವ ಅಕ್ಕನ ಮನಿಗೆ ಹೊಳ್ಳಿ ಹೋಗಬೇಕಿತ್ತೊ ಬ್ಯಾಡಿತ್ತೊ, ಅದನ್ನ ಹೇಳ್ರಿ ಮದಲ.” ನಿಮ್ಮ ಕಾದಂಬರಿಯ ತುಂಗವ್ವ ಬಿಟ್ಟು ಬಂದ ಮನೆಗೆ ಮರಳಬೇಕಿತ್ತೇ ಎಂದು ಹತ್ತಿಕೊಂಡಿತು ಜಗಳ. “ಅಕ್ಕ ಬಾಗಲಿಗೆ ಬಂದು ಅತ್ತಾಳ್ರೀ, ತುಂಗವ್ವನ ಎದಿ ಏನ್ ಕಲ್ಲ?” “ಅಳೂದೇನ್, ಗಾಣದ ಎತ್ತೂ ಅಳತೈತಿ. ಅಕ್ಕ ಗಾಣ ತನ್ನ ಹೆಸರಿಗೆ ಬರಸ್ಕೊಳ್ಳೂ ಮುಂದ ಎಲ್ಲಿತ್ತು ಕರಳು?” “ಲೇ, ನೀ ಪೂರಾ ಓದೀಯೇನ?” “ಓದಿಲ್ಲ. ಆದ್ರ ಗೊತ್ತೈತಿ.” ಬರೆದವರು ಅಲ್ಲೇ ಇದ್ದೀರಿ ಎಂಬುದೇ ಅವರಿಗೆ ಮರೆತುಹೋಯಿತು. ನಡುವೆ ನೀವು ಒಮ್ಮೆ ಬಾಯಿ ಹಾಕಿದಿರಿ: “ಆಕಿ ಹೋಗಬೇಕಿತ್ತು ಅಂತ ನನಗೂ ಈಗೀಗ ಅನಸಾಕತ್ತೈತಿ.” ಅಮ್ಮಾ, ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆಂದು ಹೇಳಲಾರೆ. ಬರೆದವರು ಓದಿದವರ ನಡುವೆ ಕುಳಿತು, ತಾವು ಬರೆದದ್ದರ ಬಗ್ಗೆಯೇ ಅನುಮಾನ ಪಡುವುದು! ಎಂಥ ಎಂಜಲು! ಎಂಥ ಔತಣ!

ಆಮೇಲೆ ಯಾರೋ “ಮೇಡಂ, ಎರಡನೇ ಭಾಗ ಯಾವಾಗ?” ಎಂದರು. ನೀವು ಬರೆದಿರಿ: “ಬರದಿಟ್ಟೀನಿ. ಆದ್ರ ಇನ್ನ ಅಚ್ಚು ಹಾಕಸೂದಿಲ್ಲ. ಬೇಕಾದವರು ಮನಿಗೆ ಬರ್ರಿ, ಒಬ್ಬೊಬ್ಬರಿಗೇ ಓದಿ ಹೇಳ್ತೀನಿ.” ಹೇಳಿ ಗುಂಪು ಬಿಟ್ಟು ಹೋದಿರಿ. ಒಬ್ಬರು ಮಾತ್ರ ನಿಮ್ಮ ಮನೆಗೆ ಬಂದರೆಂದು ನಮ್ಮ ಪಾಠದಲ್ಲಿದೆ. ನೀವು ಓದಿ ಹೇಳಿ, ಹೋಗುವಾಗ ಅವರ ಕೈಗೆ ಒಂದು ಚೂರು ಬೆಲ್ಲ ಕೊಟ್ಟಿರಂತೆ. ದಣಿದ ಹೆಣ್ಣುಮಗಳೊಬ್ಬಳು ಸಿಟ್ಟಿನಲ್ಲಿ ಆಡಿದ ಒಂದು ಮಾತು, ಮನೆಗೆ ಬಂದವರಿಗೆ ಕೊಟ್ಟ ಒಂದು ಚೂರು ಬೆಲ್ಲ. ನಿಮ್ಮ ಮೊಮ್ಮಕ್ಕಳ ಕಾಲದ ಲೇಖಕರು ಅದನ್ನೇ ಹಿಡಿದು ಪದ್ಧತಿ ಮಾಡಿದರು, ನಮ್ಮ ಇಡೀ ಕಾನೂನು ಅದೇ. ನೀವೇ ನಮ್ಮ ಮೂಲಪುರುಷರು.

ಆದ್ದರಿಂದ ನನ್ನ ವಿನಂತಿ. ಕಳ್ಳತನ ಕಳ್ಳತನವೇ, ಅದರ ಪರವಾಗಿ ನಾನು ವಾದಿಸುವುದಿಲ್ಲ. ಆ ಅರಿಷಿಣದ ಬೆರಳಿಗೆ ಉಗುರುಸುತ್ತು ಆಗಲಿ. ನೀವು ಬಯ್ಯಿರಿ, ದೂರು ಕೊಡಿ, ಪ್ರತಿ ಪುಟದ ಮೇಲೂ ಹೆಸರು ಬರೆಯಿರಿ, ಭಾಗ ಮೂರು, ಭಾಗ ನಾಲ್ಕು ಗುಂಪುಗಳನ್ನೂ ಹುಡುಕಿ ಹೋಗಿ ಮುಚ್ಚಿಸಿ. ಅದರಿಂದ ನಿಂತೀತು ಎಂದು ಸುಳ್ಳು ಹೇಳಲಾರೆ, ನನ್ನ ಕಿವಿ ನೋಡಿ, ಜಗ್ಗಿಕೊಂಡಿಲ್ಲ. ಆದರೆ ಆ ಕೊನೆಯ ಮಾತನ್ನು ಮಾತ್ರ ಬರೆಯಬೇಡಿ. ಎರಡನೆಯ ಭಾಗವನ್ನು ಅಚ್ಚು ಹಾಕಿಸಿ. ಯಾರಾದರೂ ಇಬ್ಬರ ಕೈಗೆ ಅದು ಹೋಗಲಿ. ಇಬ್ಬರಾದರೆ ಸಾಕು. ಒಬ್ಬರು ಕುದುರೆಯ ಹೆಸರು ಮರೆತರೆ ಇನ್ನೊಬ್ಬರಿಗೆ ನೆನಪಿರುತ್ತದೆ.

ಇಷ್ಟು ಬರೆದುಕೊಂಡು ಗುಡ್ಡ ಹತ್ತಿ ಬಂದಿದ್ದೇನೆ. ಗಾಳಿ ತಿರುಗುತ್ತಿದೆ, ಕಾಗದ ಕಟ್ಟಬೇಕು. ಗುಡ್ಡದ ಮೇಲೆ ನನ್ನ ಹೊರತು ಯಾರೂ ಇಲ್ಲ.

ಕಟ್ಟುವ ಮುನ್ನ ಒಂದು ಸಣ್ಣ ಮಾತು. ನಾನು ನಿಮ್ಮ ಕಾದಂಬರಿಯನ್ನು ಓದಿಲ್ಲ. ಕಪಾಟಿನಲ್ಲಿ ಪೂರ್ತಿ ಇದೆ, ಒಂದು ಪುಟವನ್ನೂ ತಿರುವಿಲ್ಲ. ಒಬ್ಬಳೇ ಓದಿದರೆ ಅದೂ ಒಂದು ಒಂಟೋದು ಆಗಿಬಿಡುತ್ತದೆ. ರಾಚಯ್ಯಜ್ಜನನ್ನು ಕರೆದು ಜೊತೆಗೆ ಕೂರಿಸಿಕೊಳ್ಳಬೇಕೆಂದಿದ್ದೇನೆ, ಇನ್ನೂ ಧೈರ್ಯ ಸಾಲುತ್ತಿಲ್ಲ. ಓದಿದ್ದು ಜಗಳವನ್ನಷ್ಟೇ. ಆದರೂ ನೀವು ಏನೇ ಅನ್ನಿ, ತುಂಗವ್ವ ಹೊಳ್ಳಿ ಹೋಗದಿದ್ದದ್ದೇ ಸರಿ.