ಪೋಸ್ಟರಿನಲ್ಲಿ ಬಿಟ್ಟುಹೋದ ಸಾಲು

ಜುಲೈ ೬, ೧೯೯೨

ರೌಂಡ್ಸ್ ಮುಗಿಯಿತು. ಎಲ್ಲ ವಾಂತಿಭೇದಿಯ ಮಕ್ಕಳೇ. ಒಂದು ಹಾಸಿಗೆಗೆ ಇಬ್ಬರು. ಮಳೆ ಬಿದ್ದಾಗಿನಿಂದ ಹಿಂದಿ ಸೀಮೆಯ ಈ ಸೋನಾರ್‌ಪುರದ ನಲ್ಲಿಗಳಲ್ಲಿ ಚರಂಡಿ ನೀರು. ಪ್ರತಿ ತಾಯಿಗೂ ಅದೇ ಮಾತು — ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸು. ತಲೆಯಾಡಿಸುತ್ತಾರೆ. ಮನೆಗೆ ಹೋಗಿ ನೀರನ್ನೇ ನಿಲ್ಲಿಸುತ್ತಾರೆ. ಈ ಧರ್ಮಾಸ್ಪತ್ರೆಗೆ ಬಂದಾಗಿನಿಂದ ಹೇಳುತ್ತಿದ್ದೇನೆ...

ನಾಡಿದ್ದು ಸಿನಿಮಾ ನಟಿ ಅದಿತಿ ಬರುತ್ತಾಳಂತೆ, ಮುಂಬಯಿಯಿಂದ. ಮಕ್ಕಳ ಆರೋಗ್ಯದ ವಿದೇಶಿ ಸಂಸ್ಥೆಯೊಂದು ಅವಳನ್ನು ರಾಯಭಾರಿ ಮಾಡಿಕೊಂಡಿದೆ. ಉಪ್ಪು-ಸಕ್ಕರೆ ನೀರಿನ ಪ್ರಚಾರ. ಶೂಟಿಂಗ್ ನಮ್ಮ ವಾರ್ಡಿನಲ್ಲೇ.

ಮನೆಯಲ್ಲಿ ಇವರಿಗೆ ಹೇಳಿದೆ. “ಫೋಟೋ ತಗದ್ರ ಭೇದಿ ನಿಲ್ತದೇನು?” ಅಂದು ನಕ್ಕರು. ನಾನೂ ನಕ್ಕೆ.

ಜುಲೈ ೮

ಕಂಟೋನ್ಮೆಂಟಿನ ಹೋಟೆಲಿನಿಂದ ಕಾರುಗಳ ಸಾಲು. ಗಲ್ಲಿ ತುಂಬ ಜನ. ಕ್ಯಾಮೆರಾದವನು ಡ್ರಿಪ್ ಸ್ಟ್ಯಾಂಡಿಗೆ ಒರಗಿದ. “ಅಯ್ಯ, ಹುಷಾರ್ರಿ!” — ಕನ್ನಡವೇ ಬಾಯಿಗೆ ಬಂತು. ಅದಿತಿ ಗಕ್ಕನೆ ತಿರುಗಿದಳು.

“ಡಾಕ್ಟ್ರೇ, ಕನ್ನಡದವ್ರಾ? ನಮ್ದು ಮೈಸೂರು!”

“ಹೌದ್ರಿ. ವಸುಮತಿ ಅಂತ. ಧಾರವಾಡ.”

ಶೂಟಿಂಗಿಗೆ ಒಂದು ಮಗುವಿಗೆ ನೀರು ಕುಡಿಸುವಾಗ ಅದು ಅವಳ ಸೀರೆಯ ಮೇಲೇ ಕಕ್ಕಿತು. ಕೆಳಗಿಳಿಸಲಿಲ್ಲ. ಕ್ಯಾಮೆರಾ ನಿಂತ ಮೇಲೂ ಕುಡಿಸುತ್ತಲೇ ಇದ್ದಳು. ಇಷ್ಟು ಮಾಡುತ್ತಾಳೆ ಅಂದುಕೊಂಡಿರಲಿಲ್ಲ. ಹೋಗುವಾಗ ಮನೆಯ ಫೋನ್ ನಂಬರ್ ಕೊಟ್ಟಳು.

ಸಂಸ್ಥೆಯ ಪ್ರಚಾರದ ಅಧಿಕಾರಿ ವಿನಾಯಕ, ಪೋಸ್ಟರಿನ ಮಾತು ತೋರಿಸಿದರು — ಉಪ್ಪು-ಸಕ್ಕರೆ ನೀರು ಕುಡಿಸಿ, ಭೇದಿ ಮನೆಯಲ್ಲೇ ವಾಸಿ. ಒಂದು ಸಾಲು ಸೇರಿಸಿ ಅಂದೆ — ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ತಕ್ಷಣ ಆಸ್ಪತ್ರೆಗೆ.

“ಮೇಡಂ, ಒಂದು ಪೋಸ್ಟರಿಗೆ ಒಂದೇ ಮಾತು. ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ.”

ವಾದಿಸಿದೆ. ಕೇಳಲಿಲ್ಲ.

ಜುಲೈ ೩೦

ಗೋಡೆಗೋಡೆಯ ಮೇಲೆ ಅವಳ ಮುಖ. ರೇಡಿಯೋದಲ್ಲಿ ದನಿ. ತಾಯಂದಿರು ಲೋಟ ಹಿಡಿದೇ ಬರುತ್ತಾರೆ — “ಅದಿತಿಜೀ ಹೇಳಿದ್ದಾರೆ.” ವಾರ್ಡಿನಲ್ಲಿ ಹಾಸಿಗೆ ಖಾಲಿ! ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡಿದ್ದಕ್ಕಿಂತ ಅವಳ ಒಂದು ನಗು ಹೆಚ್ಚಾಯಿತು. ಸ್ವಲ್ಪ ಹೊಟ್ಟೆಕಿಚ್ಚು. ಇರಲಿ... ಮಕ್ಕಳು ಉಳಿಯುತ್ತಿವೆ.

ಆಗಸ್ಟ್ ೪, ಮಧ್ಯಾಹ್ನ

ನೇಕಾರರ ಮನೆಯ ಕನೀಜ್, ಮಗಳು ರುಕ್ಸಾನಾಳನ್ನು ಹೊತ್ತು ತಂದಳು. ಕಣ್ಣು ಒಳಗೆ. ನಾಡಿ ಸಿಗುತ್ತಿಲ್ಲ. ಡ್ರಿಪ್ ಹಾಕಲು ರಕ್ತನಾಳ ಹುಡುಕಿದೆ — ಕೈ, ಕಾಲು, ತಲೆ...

ಉಳಿಯಲಿಲ್ಲ.

“ಮೂತ್ರ ಯಾವಾಗಿನಿಂದ ನಿಂತಿತ್ತು?”

“ನಿನ್ನೆಯಿಂದ, ಡಾಕ್ಟರ್ ಸಾಹಿಬಾ. ನೀರು ಕುಡಿಸುತ್ತಲೇ ಇದ್ದೆ. ಮನೆಯಲ್ಲೇ ವಾಸಿಯಾಗುತ್ತದೆ ಅಂತ ಅದಿತಿಜೀ ಹೇಳಿದ್ದರಲ್ಲ?”

ಹೇಳಿದ್ದನ್ನೆಲ್ಲ ಸರಿಯಾಗಿ ಮಾಡಿದ್ದಾಳೆ. ಒಂದೂ ತಪ್ಪಿಲ್ಲ.

ಆಗಸ್ಟ್ ೫

ಎಸ್‌ಟಿಡಿ ಬೂತಿನಿಂದ ವಿನಾಯಕರಿಗೆ ಫೋನ್. ಆ ಸಾಲು ಈಗಲಾದರೂ ಸೇರಿಸಿ ಅಂದೆ. “ಎಷ್ಟು ಮಕ್ಕಳು ಉಳಿದಿವೆ ನೋಡಿ ಮೇಡಂ.” ನಿಜ. ಫೋನ್ ಇಟ್ಟೆ. ಅದಿತಿಯ ನಂಬರಿಗೆ ಹಚ್ಚಿದೆ. ಅವಳೇ ಎತ್ತಿದಳು. ಎಲ್ಲ ಹೇಳಿದೆ.

“ನನ್ನ ಮಾತು ನಂಬಿ ಮನೇಲೇ ಇಟ್ಕೊಂಡಿದ್ರಾ?”

ಇಲ್ಲ ಎನ್ನಬೇಕೆನಿಸಿತು. “ಹೌದ್ರಿ,” ಅಂದೆ.

ಆ ಕಡೆ ಡ್ರಾಯರ್ ಎಳೆದ ಸದ್ದು.

“ಆ ಸಾಲು ಹಿಂದೀಲಿ ಹೇಳಿ ಡಾಕ್ಟ್ರೇ. ಬರ್ಕೋತೀನಿ.”

ಆಗಸ್ಟ್ ೧೧

ಸಂಸ್ಥೆ ಮೊದಲು ಒಪ್ಪಲಿಲ್ಲ. ಹಾಗಾದರೆ ನನ್ನ ಮುಖವನ್ನೂ ತೆಗೆಯಿರಿ ಅಂದಳಂತೆ ಅದಿತಿ. ವಿನಾಯಕರೇ ಬೇಸರದಿಂದ ಹೇಳಿದರು. ಇವತ್ತಿನಿಂದ ರೇಡಿಯೋದಲ್ಲಿ ಹೊಸ ಸಾಲು. ದನಿಯಲ್ಲಿ ನಗುವಿಲ್ಲ.

ಸಂಜೆ ಕನೀಜಳ ಮನೆಗೆ ಹೋದೆ. ನಾನು ಕೂತಿದ್ದಾಗಲೇ ಪಕ್ಕದ ಮನೆಯ ರೇಡಿಯೋದಲ್ಲಿ ಬಂತು. ಮೂತ್ರ ನಿಂತರೆ ಆಸ್ಪತ್ರೆಗೆ...

“ಈಗ ಹೇಳುತ್ತಿದ್ದಾರೆ,” ಅಂದಳು ಕನೀಜ್. ಅಷ್ಟೇ. ನನಗೆ ತಲೆ ಎತ್ತಲಾಗಲಿಲ್ಲ.

ಆಗಸ್ಟ್ ೧೪, ಬೆಳಿಗ್ಗೆ

ಓಪಿಡಿ ತೆಗೆಯುವ ಮೊದಲೇ ಬಾಗಿಲಲ್ಲಿ ಕನೀಜ್. ತೋಳಲ್ಲಿ ಮಗು. ಹಿಂದೆ ಓಡೋಡಿ ಇನ್ನೊಬ್ಬ ಹೆಂಗಸು.

“ಪಕ್ಕದ ಮನೆಯದು. ರಾತ್ರಿಯಿಂದ ಮೂತ್ರ ಇಲ್ಲ. ಮಧ್ಯಾಹ್ನ ನೋಡೋಣ ಅಂದಳು ಇವಳು. ನಾನೇ ಎತ್ತಿಕೊಂಡು ಬಂದೆ.”

ರಕ್ತನಾಳ ಸಿಕ್ಕಿತು. ಡ್ರಿಪ್ ಇಳಿಯುತ್ತಿದೆ. ತಾಯಿ ಮಗುವಿನ ಹತ್ತಿರ. ಕನೀಜ್ ಮಾತ್ರ ವಾರ್ಡಿನೊಳಗೆ ಬರಲೊಲ್ಲಳು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಚಹಾ ಕಳಿಸಿದೆ, ಮುಟ್ಟಿಲ್ಲ. ಮನೆಗೆ ಹೋಗು ಅಂದರೆ ಹೋಗುವುದಿಲ್ಲ.

ಮಗು ಉಚ್ಚೆ ಹೊಯ್ದಿತು ಅಂತ ನರ್ಸ್ ಕೂಗುತ್ತಿದ್ದಾಳೆ. ಮೊದಲು ಕನೀಜಳಿಗೆ ಹೇಳಿ ಬರುತ್ತೇನೆ —